ಕೊಲೆಗಾರ ಯಾರಂತ ಗೊತ್ತಿದ್ದೂ ಅವ್ವ ಮತ್ತೆ ಯಾಕೆ ಓದುತ್ತಾರೆ?

ಪ್ರಶ್ನೆ: ಸರ್, ನಮ್ಮ ಅವ್ವಗ ಈಗ 72 ವರ್ಷ. ಹುಬ್ಬಳ್ಳಿ ವಿದ್ಯಾನಗರದಾಗ ನಮ್ಮ ಜೋಡಿನ ಇರ್ತಾಳ. ಜಿರಳಿ ಹೊಡಿಯಾಕೂ ಅಕಿಗೆ ಮನಸ್ಸು ಬರೂದಿಲ್ಲ. ಆದ್ರ ರಾತ್ರಿ ಊಟ ಆದಮ್ಯಾಲೆ ಪತ್ತೇದಾರಿ ಕಾದಂಬರಿ ಓದಲಿಲ್ಲಂದ್ರ ನಿದ್ದಿ ಹತ್ತೂದಿಲ್ಲ. ಕೆಲವು ಪುಸ್ತಕ ನಾಕೈದು ಸಲ ಓದ್ಯಾಳ. ಕೊಲಿ ಮಾಡಿದಾಂವ ಯಾರಂತ ಗೊತ್ತಿದ್ರೂ ಮತ್ತ ಓದ್ತಾಳ. ನಮ್ಮ ಮನಿಯವರು ‘ಈ ವಯಸ್ಸಿನಾಗ ಇಂಥಾವು ಓದಿದ್ರ ಮನಸ್ಸು ಕೆಡ್ತೈತಿ, ಬಿಡಿಸು’ ಅಂತಾರ. ಅಂಥಾದ್ದೇನೈತ್ರಿ ಇದರಾಗ? ಬಿಡಿಸಬೇಕೇನು?

ಉತ್ತರ:

ಕೊನೆಯ ಪ್ರಶ್ನೆಗೆ ಮೊದಲೇ ಹೇಳಿಬಿಡುತ್ತೇನೆ: ಬಿಡಿಸಬೇಡಿ.

ಧಾರವಾಡದ ಕಾಲೇಜಿನಲ್ಲಿ ಮೂವತ್ತು ವರ್ಷ ಕಾದಂಬರಿ ಪಾಠ ಹೇಳಿದವನು ನಾನು. ಪಠ್ಯಕ್ಕಿಟ್ಟ ಕಾದಂಬರಿ ಓದಿಸಬೇಕೆಂದರೆ ಹುಡುಗರ ಬೆನ್ನು ಹತ್ತಬೇಕಾಗುತ್ತಿತ್ತು. ಪತ್ತೇದಾರಿ ಕಾದಂಬರಿಗೆ ಯಾರ ಒತ್ತಾಯವೂ ಬೇಕಿರಲಿಲ್ಲ, ಅವು ಹಿಂದಿನ ಬೆಂಚಿನಿಂದ ಮುಂದಿನ ಬೆಂಚಿಗೆ ತಾವಾಗಿಯೇ ಬರುತ್ತಿದ್ದವು. ಇಷ್ಟು ಜನ, ಇಷ್ಟು ಕಾಲ ಓದಿದ್ದನ್ನು ಬರೀ ಚಟ ಎಂದು ತಳ್ಳಿಹಾಕಲು ನನ್ನಿಂದ ಆಗುವುದಿಲ್ಲ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಸಾಲು: ಕೊಲೆಗಾರ ಯಾರಂತ ಗೊತ್ತಿದ್ದೂ ಮತ್ತೆ ಓದುತ್ತಾರೆ. ‘ಯಾರು ಕೊಂದರು’ ಎಂಬ ಕುತೂಹಲ ಒಂದೇ ಈ ಪುಸ್ತಕಗಳ ಬಂಡವಾಳವಾಗಿದ್ದರೆ ನಿಮ್ಮ ಅವ್ವ ಎರಡನೇ ಸಲ ಅವನ್ನು ಮುಟ್ಟುತ್ತಲೇ ಇರಲಿಲ್ಲ.

ಗದಗ ತಾಲೂಕಿನ ನಮ್ಮ ಹಳ್ಳಿಯಲ್ಲಿ ಜಾತ್ರೆ ಮುಗಿದ ರಾತ್ರಿ ಸಣ್ಣಾಟ, ಅಂದರೆ ಹಾಡು-ಮಾತಿನ ಜನಪದ ನಾಟಕ, ಇರುತ್ತಿತ್ತು. ಹೆಚ್ಚಾಗಿ ಸಂಗ್ಯಾ–ಬಾಳ್ಯಾ. ಹತ್ತೊಂಬತ್ತನೇ ಶತಮಾನದಲ್ಲಿ ಬೈಲಹೊಂಗಲದಲ್ಲಿ ನಡೆದ ಕೊಲೆಯೊಂದರ ಕಥೆ ಅದು ಎಂದು ನಮ್ಮ ಕಡೆ ಎಲ್ಲರೂ ಬಲ್ಲರು. ಸಂಗ್ಯಾ ಈರಣ್ಣನ ಹೆಂಡತಿ ಗಂಗಿಯ ಮೇಲೆ ಮನಸ್ಸಿಡುತ್ತಾನೆ, ಜೀವದ ಗೆಳೆಯ ಬಾಳ್ಯಾ ಎರಡು ಬಗೆಯುತ್ತಾನೆ, ಸಂಗ್ಯಾನ ಹೆಣ ಬೀಳುತ್ತದೆ. ಇದರಲ್ಲಿ ಮುಚ್ಚಿಟ್ಟದ್ದು ಏನೂ ಇಲ್ಲ. ಆದರೂ ಬೆಳಗಿನ ಜಾವದವರೆಗೆ ಒಬ್ಬರೂ ಎದ್ದು ಹೋಗುತ್ತಿರಲಿಲ್ಲ. ನನಗಾಗ ಹತ್ತು ವರ್ಷ. ಪಕ್ಕದಲ್ಲಿ ಕೌದಿ ಹೊದ್ದುಕೊಂಡು ಎಲೆ-ಅಡಿಕೆ ಜಗಿಯುತ್ತಾ ನಮ್ಮ ಓಣಿಯ ಒಬ್ಬ ಮುದುಕಿ ಕೂತಿದ್ದಳು. ಬಾಳ್ಯಾ ಬಂದು ಸಂಗ್ಯಾನನ್ನು ಕರೆದಾಗ ಅವಳ ಜಗಿಯುವ ಬಾಯಿ ನಿಂತಿತು. ನನ್ನ ಮುಂಗೈ ಗಟ್ಟಿಯಾಗಿ ಹಿಡಿದು, ‘ಹೋಗಬ್ಯಾಡೋ ನನ್ನಪ್ಪಾ, ಹೋಗಬ್ಯಾಡ’ ಎಂದು ಒದರಿಬಿಟ್ಟಳು. ಮರುದಿನ ಬಾವಿಯ ಹತ್ತಿರ ಸಿಕ್ಕಾಗ ಕೇಳಿದೆ: ‘ಆಯಿ, ನಿನಗ ಮೊದಲ ಗೊತ್ತಿತ್ತಲ್ಲ?’ ಆಕೆ ಹೇಳಿದ್ದು ಇಷ್ಟು: ‘ಗೊತ್ತಿತ್ತಂತನ ಒದರಿದ್ನೆಪಾ. ಗೊತ್ತಿರಲಾರದ್ದಕ್ಕ ಯಾಕ ಒದರಲಿ?’

ನಾನು ಆಮೇಲೆ ಓದಿದ ಎಷ್ಟೋ ವಿಮರ್ಶೆ ಈ ಮಾತಿನ ಹತ್ತಿರ ಬರುವುದಿಲ್ಲ.

ಹೊಲದಲ್ಲಿ ಜೋಳದ ಕಣಕಿಯ ಬಣವೆ ಇದೆ ಎಂದುಕೊಳ್ಳಿ. ಹುಡುಗಿಯೊಬ್ಬಳು ಎಮ್ಮೆಗೆ ಮೇವು ತರಲು ಬಂದು ಕಣಕಿ ಎಳೆಯುತ್ತಾಳೆ, ಥಟ್ಟನೆ ಹಾವು ಹೊರಬರುತ್ತದೆ. ನೀವು ಬೆಚ್ಚಿಬೀಳುತ್ತೀರಿ, ಒಂದು ಕ್ಷಣಕ್ಕೆ ಮುಗಿಯಿತು. ಈಗ ಅದನ್ನೇ ತಿರುಗಿಸಿ ಹೇಳೋಣ. ಹಾವು ಬಣವೆಯ ಒಳಗೆ ಹೋದದ್ದನ್ನು ಮೊದಲೇ ನಿಮಗೆ ತೋರಿಸಿದ್ದೇನೆ. ಹುಡುಗಿ ಹಾಡುತ್ತಾ ಬರುತ್ತಾಳೆ. ಬುಟ್ಟಿ ಕೆಳಗಿಡುತ್ತಾಳೆ. ಸೀರೆಯ ಸೆರಗು ಸಿಕ್ಕಿಸಿಕೊಳ್ಳುತ್ತಾಳೆ. ಕೈ ಒಳಗೆ ಹಾಕುವ ಮೊದಲು ಯಾರೋ ಕರೆದರೆಂದು ತಿರುಗುತ್ತಾಳೆ. ಅಷ್ಟು ಹೊತ್ತೂ ನಿಮ್ಮ ಉಸಿರು ನಿಮ್ಮ ಕೈಯಲ್ಲಿ ಇರುವುದಿಲ್ಲ. ಸಿನಿಮಾ ನಿರ್ದೇಶಕ ಹಿಚ್‌ಕಾಕ್ ಮೇಜಿನ ಕೆಳಗಿನ ಬಾಂಬಿನ ಉದಾಹರಣೆ ಕೊಟ್ಟು ಇದೇ ವ್ಯತ್ಯಾಸವನ್ನು ವಿವರಿಸುತ್ತಿದ್ದ. ಹುಡುಗಿಗೆ ತಿಳಿಯದ್ದು ನಮಗೆ ತಿಳಿದಿದೆ, ಹೇಳೋಣವೆಂದರೆ ನಮ್ಮ ದನಿ ಅವಳಿಗೆ ಮುಟ್ಟುವುದಿಲ್ಲ. ಹುಡುಗಿಯ ಮೇಲೆ ನಮಗೆ ಕಾಳಜಿ ಹುಟ್ಟದಿದ್ದರೆ ಮಾತ್ರ ಇದರಲ್ಲಿ ಏನೂ ಉಳಿಯುವುದಿಲ್ಲ. ಹಾವು ಕಚ್ಚುತ್ತದೋ ಇಲ್ಲವೋ ಎಂದು ಮೊದಲೇ ತಿಳಿದಿದ್ದರೂ ಕಾಳಜಿಗೆ ಅದರಿಂದ ಕುಂದಿಲ್ಲ.

2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕ್ಯಾಂಪಸ್ಸಿನಲ್ಲಿ ಲೆವಿಟ್ ಮತ್ತು ಕ್ರಿಸ್ಟನ್‌ಫೆಲ್ಡ್ ಎಂಬಿಬ್ಬರು 12 ಸಣ್ಣಕಥೆಗಳನ್ನು ಇಟ್ಟುಕೊಂಡು ಇದನ್ನು ಪರೀಕ್ಷಿಸಿದರು. ಕೆಲವರಿಗೆ ಕೊನೆಯನ್ನು ಮೊದಲೇ ಹೇಳಿ ಓದಲು ಕೊಟ್ಟರು, ಕೆಲವರಿಗೆ ಹೇಳದೆ ಕೊಟ್ಟರು. ಕೊನೆ ಗೊತ್ತಿದ್ದವರೇ ಒಟ್ಟಾರೆ ಹೆಚ್ಚು ಮೆಚ್ಚಿಕೊಂಡರು, ಪತ್ತೇದಾರಿ ಕಥೆಗಳಲ್ಲೂ ಹಾಗೇ ಆಯಿತು. ಮುಂದೆ ಬೇರೆಯವರು ಮಾಡಿದ ಪ್ರಯೋಗಗಳಲ್ಲಿ ಇದಕ್ಕೆ ಉಲ್ಟಾ ಫಲವೂ ಬಂದಿದೆ, ಆದ್ದರಿಂದ ಇದನ್ನು ವೇದವಾಕ್ಯ ಮಾಡಬೇಕಿಲ್ಲ. ಮೊದಲ ಓದಿನ ಸುಖ ಬೇರೆ, ಮೂರನೆಯದರ ಸುಖ ಬೇರೆ. ಮೊದಲ ಸಲ ನೀವು ಓಡುತ್ತೀರಿ. ಮೂರನೇ ಸಲ ಅದೇ ದಾರಿಯಲ್ಲಿ ನಡೆಯುತ್ತೀರಿ, ಆಗ ‘ಅರೆ, ಇಲ್ಲೇ ಹೇಳಿಟ್ಟಿದ್ದನಲ್ಲ’ ಎಂದು ಪ್ರತಿ ತಿರುವಿನಲ್ಲೂ ಬರೆದವನ ಕೈಚಳಕ ಕಾಣಿಸುತ್ತದೆ. ನಿಮ್ಮ ಅವ್ವ ಆ ಪುಸ್ತಕವನ್ನು ನಾಲ್ಕೈದು ಸಲ ಓದಿದ್ದಾರೆಂದರೆ ಅದನ್ನು ಕಟ್ಟಿದ ರೀತಿ ಅವರಿಗೆ ಹಿಡಿಸಿದೆ.

ಹಾಗೆಂದು ಕುತೂಹಲವನ್ನು ಸಣ್ಣದು ಮಾಡುತ್ತಿಲ್ಲ. ಅದರ ಪೆಟ್ಟು ನಾನೂ ತಿಂದಿದ್ದೇನೆ. ಹೈಸ್ಕೂಲಿಗೆಂದು ಹುಬ್ಬಳ್ಳಿಗೆ ಬಂದು ಮಾಮಾನ ಮನೆಯಲ್ಲಿದ್ದೆ. ಆ ಮನೆಯಲ್ಲಿ ‘ಕಸ್ತೂರಿ’ ಮಾಸಪತ್ರಿಕೆ ಮೇಜಿನ ಮೇಲೆ, ಪತ್ತೇದಾರಿ ಪುಸ್ತಕ ಗಾದಿಯ ಕೆಳಗೆ. ದುರ್ಗದಬೈಲ್ ಕಡೆಯ ಒಂದು ಸಣ್ಣ ಅಂಗಡಿಯಲ್ಲಿ ದಿನಕ್ಕೆ ಹತ್ತು ಪೈಸೆ ಬಾಡಿಗೆಗೆ ಪುಸ್ತಕ ಸಿಗುತ್ತಿತ್ತು. ಒಮ್ಮೆ ತಂದ ಪುಸ್ತಕದಲ್ಲಿ ಎಲ್ಲರನ್ನೂ ದಿವಾನಖಾನೆಯಲ್ಲಿ ಕೂರಿಸಿ ಪತ್ತೇದಾರ ಬಾಗಿಲು ಹಾಕುತ್ತಾನೆ. ಪುಟ ತಿರುಗಿಸಿದೆ. ರಟ್ಟು. ಕೊನೆಯ ಎರಡು ಹಾಳೆ ಕಿತ್ತುಹೋಗಿದ್ದವು. ಹೊಲಿಗೆಯ ದಾರದಲ್ಲಿ ಕಾಗದದ ಒಂದು ಚೂರು ಸಿಕ್ಕಿಕೊಂಡಿತ್ತು, ಅದರ ಮೇಲೆ ‘ಅವಳ’ ಎಂಬ ಮೂರಕ್ಷರ ಮಾತ್ರ. ಅಂಗಡಿಯವರು ‘ಹಂಗ ಬಂದಿತ್ತು, ನಾವೇನ್ ಮಾಡೂಣು’ ಎಂದರು. ಆ ಮೂರಕ್ಷರ ಹಿಡಿದು ವಹಿಯ ಹಿಂದಿನ ಹಾಳೆಗಳಲ್ಲಿ ಮೂರು ಬೇರೆ ಬೇರೆ ಕೊನೆ ಬರೆದೆ. ಒಂದರಲ್ಲಿ ಕೊಲೆಗಾರ್ತಿ ಸೊಸೆ, ಒಂದರಲ್ಲಿ ಅಡುಗೆಯವಳು, ಇನ್ನೊಂದರಲ್ಲಿ ಸತ್ತವಳೇ ಸತ್ತಿಲ್ಲ. ಈ ತುಡಿತಕ್ಕೆ ಮನಶ್ಶಾಸ್ತ್ರದಲ್ಲಿ ಹೆಸರಿದೆ. ಬ್ಲೂಮಾ ಝೈಗಾರ್ನಿಕ್ ಎಂಬ ಸಂಶೋಧಕಿ 1927ರಲ್ಲಿ, ಮುಗಿದ ಕೆಲಸಕ್ಕಿಂತ ಅರ್ಧಕ್ಕೆ ನಿಂತ ಕೆಲಸ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ ಎಂದು ಬರೆದಳು. ನೆನಪಿನ ಆ ಮಾತು ಆಮೇಲಿನ ಎಲ್ಲ ಪ್ರಯೋಗಗಳಲ್ಲೂ ನಿಲ್ಲಲಿಲ್ಲ. ಅರ್ಧಕ್ಕೆ ಬಿಟ್ಟ ಕೆಲಸಕ್ಕೆ ಮರಳಿ ಹೋಗಬೇಕೆನ್ನುವ ಎಳೆತ ಮಾತ್ರ ಹೆಚ್ಚು ಗಟ್ಟಿಯಾಗಿ ನಿಂತಿದೆ. ವಾರಪತ್ರಿಕೆಗಳ ಧಾರಾವಾಹಿಯ ‘ಮುಂದುವರಿಯುವುದು’ ಬದುಕಿದ್ದು ಆ ಎಳೆತದ ಮೇಲೆಯೇ.

ಇದೆಲ್ಲ ಹೊರಗಿನಿಂದ ಬಂದ ಗೀಳು ಎನ್ನುವವರಿಗೆ ನಾನು ವಡ್ಡಾರಾಧನೆ ತೋರಿಸುತ್ತೇನೆ. ಹತ್ತನೇ ಶತಮಾನದ್ದು, ನಮಗೆ ಸಿಕ್ಕಿರುವ ಕನ್ನಡ ಗದ್ಯ ಕೃತಿಗಳಲ್ಲೇ ಅತಿ ಹಳೆಯ ಸಾಲಿನದು. ಅದರ 19 ಕಥೆಗಳಲ್ಲಿ ಒಂದು ವಿದ್ಯುಚ್ಚೋರನದು. ಮಿಥಿಲೆಯಲ್ಲಿ ವಾಮರಥನೆಂಬ ಅರಸ, ಅವನ ತಳಾರ, ಅಂದರೆ ಊರು ಕಾಯುವ ಅಧಿಕಾರಿ, ಯಮದಂಡ. ವಿದ್ಯುಚ್ಚೋರ ಹಗಲು ಕುಷ್ಠರೋಗಿಯಂತೆ ಬಿದ್ದುಕೊಂಡಿದ್ದು ರಾತ್ರಿ ಕಳ್ಳತನಕ್ಕೆ ಹೊರಡುತ್ತಾನೆ. ಅರಸನ ಹಾರವೇ ಕಳುವಾಗುತ್ತದೆ. ಏಳು ದಿನದಲ್ಲಿ ಕಳ್ಳನನ್ನು ಹಿಡಿಯದಿದ್ದರೆ ತಳಾರನ ತಲೆ ಉಳಿಯುವುದಿಲ್ಲ. ವೇಷ, ಗಡುವು, ಸಂಶಯ, ವಿಚಾರಣೆ, ಕೊನೆಗೆ ಕಳ್ಳನಿಗೂ ತಳಾರನಿಗೂ ಇದ್ದ ಬಾಲ್ಯದ ನಂಟು ಬಯಲಾಗುವುದು; ಇವತ್ತಿನ ವೆಬ್ ಸೀರೀಸ್ ಬರೆಯುವವರಿಗೆ ಬೇಕಾದ್ದೆಲ್ಲ ಅಲ್ಲಿದೆ. ಕಥೆಯ ಗುರಿ ವೈರಾಗ್ಯ, ನಿಜ. ಆದರೆ ವೈರಾಗ್ಯದವರೆಗೆ ಕೇಳುಗರನ್ನು ಕೈಹಿಡಿದು ಕರೆದೊಯ್ಯಲು ಶಿವಕೋಟ್ಯಾಚಾರ್ಯ ಕಳ್ಳನನ್ನೇ ಮುಂದೆ ಬಿಟ್ಟ. ಆ ‘ತಳಾರ’ ಶಬ್ದ ಇನ್ನೂ ಸತ್ತಿಲ್ಲ. ನಮ್ಮ ಹಳ್ಳಿಗಳ ತಳವಾರ ಅವನೇ. ಹಾವೇರಿ, ಗದಗ ಕಡೆಯ ಎಷ್ಟು ಮನೆತನಗಳ ಅಡ್ಡಹೆಸರು ತಳವಾರ ಇದೆ ನೋಡಿ.

ಈಗಿನ ರೂಪದ ಪತ್ತೇದಾರಿ ಕಥೆಗೆ ಮಾತ್ರ ವಯಸ್ಸು ಕಡಿಮೆ. ಎಡ್ಗರ್ ಅಲನ್ ಪೋ ಬರೆದ ಮೊದಲ ಪತ್ತೇದಾರಿ ಕಥೆ ಅಚ್ಚಾದದ್ದು 1841ರಲ್ಲಿ. ಲಂಡನ್ ಪೊಲೀಸರು ಪತ್ತೇದಾರಿಗೆಂದೇ ಪ್ರತ್ಯೇಕ ಶಾಖೆ ತೆರೆದದ್ದು 1842ರಲ್ಲಿ. ಎರಡೂ ಒಟ್ಟೊಟ್ಟಿಗೆ ಬಂದದ್ದರಲ್ಲಿ ಅರ್ಥವಿದೆ. ಹಳ್ಳಿಯಲ್ಲಿ ಆಡು ಕಳುವಾದರೆ ಸಂಜೆಯೊಳಗೆ ಕಟ್ಟೆಯ ಮೇಲೆ ಹೆಸರು ಓಡಾಡುತ್ತಿರುತ್ತದೆ. ಪಕ್ಕದ ಮನೆಯವನ ಹೆಸರೂ ಗೊತ್ತಿಲ್ಲದ ಊರಿನಲ್ಲಿ, ರೈಲು ಇಳಿದು ಮಾಯವಾಗುವ ಜನರ ನಡುವೆ, ಚಪ್ಪಲಿಯ ಕೆಸರು ನೋಡಿ ಮನುಷ್ಯನನ್ನು ಓದುವವನೊಬ್ಬ ಬೇಕಾಗುತ್ತಾನೆ. ಹುಬ್ಬಳ್ಳಿ ಅಂಥ ಊರು, ರೈಲಿನಿಂದಲೇ ಬೆಳೆದದ್ದು. ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗಲಾರೆ: ಇಂಗ್ಲಿಷಿನ ಮೊದಮೊದಲ ದೊಡ್ಡ ಪತ್ತೇದಾರಿ ಕಾದಂಬರಿಗಳಲ್ಲೊಂದು, ವಿಲ್ಕಿ ಕಾಲಿನ್ಸ್ 1868ರಲ್ಲಿ ಬರೆದದ್ದು, ಶುರುವಾಗುವುದು ನಮ್ಮ ಶ್ರೀರಂಗಪಟ್ಟಣದಲ್ಲಿ. 1799ರಲ್ಲಿ ಕೋಟೆ ಬಿದ್ದಾಗ ಟಿಪ್ಪುವಿನ ಕಠಾರಿಯ ಹಿಡಿಯಲ್ಲಿದ್ದ ವಜ್ರವನ್ನು ಒಬ್ಬ ಇಂಗ್ಲಿಷ್ ಅಧಿಕಾರಿ ಕೊಲೆ ಮಾಡಿ ಕದಿಯುತ್ತಾನೆ. ಆ ಕಳ್ಳತನದ ಲೆಕ್ಕ ತೀರಿಸುವುದೇ ಉಳಿದ ಕಾದಂಬರಿ.

ಲೆಕ್ಕ ತೀರಿಸುವುದು. ನನ್ನ ಮಟ್ಟಿಗೆ ನಿಮ್ಮ ಪ್ರಶ್ನೆಯ ಉತ್ತರ ಇರುವುದು ಇಲ್ಲಿ.

ಇಂಗ್ಲೆಂಡಿನಲ್ಲಿ ಪತ್ತೇದಾರಿ ಕಾದಂಬರಿಯ ಸುವರ್ಣಕಾಲ ಎನ್ನುವುದು 1920 ಮತ್ತು 30ರ ದಶಕಗಳನ್ನು. ಅಗಾಥಾ ಕ್ರಿಸ್ಟಿಯ ಮೊದಲ ಕಾದಂಬರಿ ಬಂದದ್ದು 1920ರಲ್ಲಿ, ಮೊದಲ ಮಹಾಯುದ್ಧ ಮುಗಿದು ಎರಡೇ ವರ್ಷಕ್ಕೆ. ಲಕ್ಷ ಲಕ್ಷ ಹುಡುಗರು ಕಂದಕಗಳಲ್ಲಿ ಸತ್ತು, ಯಾರು ಯಾಕೆ ಸತ್ತರೆಂದು ಯಾರೂ ಉತ್ತರ ಹೇಳದೆ ಹೋದ ಕಾಲ. ಅಂಥ ಹೊತ್ತಿನಲ್ಲಿ ಜನ ಕೈಗೆತ್ತಿಕೊಂಡದ್ದು ಒಂದೇ ಒಂದು ಸಾವಿಗಾಗಿ ಇನ್ನೂರೈವತ್ತು ಪುಟ ಕೇಳುತ್ತಾ ಹೋಗುವ ಪುಸ್ತಕವನ್ನು. ಆ ಹೊತ್ತು ಗಡಿಯಾರ ಎಷ್ಟಾಗಿತ್ತು, ಚಹಾದ ಕಪ್ಪು ಯಾರು ತೊಳೆದರು ಎಂದು ಕೇಳುವವರೊಬ್ಬರು ಅಲ್ಲಿ ಇರುತ್ತಾರೆ. ರಕ್ತದ ಆಸೆಗೆ ಓದಿದರು ಎನ್ನುವವರು ಆ ಪುಸ್ತಕಗಳನ್ನು ಓದಿಲ್ಲ. ರಕ್ತ ಅವುಗಳಲ್ಲಿ ಬಹಳ ಕಡಿಮೆ.

ನಮ್ಮ ಕಡೆಯದನ್ನೇ ಹೇಳುತ್ತೇನೆ. ನಾನು ಚಿಕ್ಕವನಿದ್ದಾಗ ನಮ್ಮೂರಿನಲ್ಲಿ ಆಗಾಗ ಯಾವಳೋ ಒಬ್ಬ ಸೊಸೆ ಬಾವಿಗೆ ಬಿದ್ದು ಸಾಯುತ್ತಿದ್ದಳು. ‘ಕಾಲು ಜಾರಿತು’ ಎನ್ನುತ್ತಿದ್ದರು. ಅಲ್ಲಿಗೆ ಮುಗಿಯಿತು. ತವರಿನವರು ಬಂದು ಅತ್ತು ಹೋಗುತ್ತಿದ್ದರು, ಹದಿಮೂರನೇ ದಿನಕ್ಕೆ ಊಟ ಆಗುತ್ತಿತ್ತು. ನಮ್ಮ ಮನೆಗೆ ಬೇಕಾದವಳೊಬ್ಬಳು ಹಾಗೆ ಹೋದಾಗ ನಮ್ಮ ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಾ, ಯಾರಿಗೂ ಅಲ್ಲ, ತನಗೆ ತಾನೇ ಕೇಳಿಕೊಂಡಳು: ‘ನೀರಿಗೆ ಹೋಗಿದ್ಲು ಅಂತಾರ. ಕೊಡ ಮನಿಯಾಗ ಐತಿ.’ ಕೈಯಲ್ಲಿನ ರೊಟ್ಟಿ ಹಂಚಿನ ಮೇಲೆ ಹಾಕುವುದನ್ನು ಮರೆತು ಸ್ವಲ್ಪ ಹೊತ್ತು ಕೂತಿದ್ದಳು. ಆಮೇಲೆ ಹಾಕಿದಳು. ಅದನ್ನು ಆಕೆ ಹೊರಗೆ ಯಾರ ಮುಂದೆಯೂ ಆಡಲಿಲ್ಲ, ಆಡಿದ್ದರೂ ಯಾರೂ ಕೇಳುತ್ತಿರಲಿಲ್ಲ.

ಕೊಡ ಮನೆಯಲ್ಲಿದೆ. ಪತ್ತೇದಾರಿ ಕಾದಂಬರಿ ಶುರುವಾಗುವುದೇ ಈ ಮಾತಿನಿಂದ. ವ್ಯತ್ಯಾಸ ಇಷ್ಟೇ, ಕಾದಂಬರಿಯಲ್ಲಿ ಆ ಮಾತನ್ನು ಕೇಳಿಸಿಕೊಂಡು, ‘ಹೌದಲ್ಲ, ಹಾಗಾದರೆ ಬಾವಿಗೆ ಯಾಕೆ ಹೋದಳು?’ ಎಂದು ಕೊನೆಯ ಪುಟದವರೆಗೆ ಬಿಡದೆ ಕೇಳುವವರು ಸಿಗುತ್ತಾರೆ. ಒಲೆಯ ಮುಂದೆ ಕೂತು ಇಂಥ ನೂರು ಸುಳಿವು ಕಂಡವರು, ಬಾಯಿ ಬಿಡಲಾಗದೆ ಉಳಿದವರು ಈ ಪುಸ್ತಕಗಳನ್ನು ಪ್ರೀತಿಯಿಂದ ಓದುವುದು ನನಗೆ ಸೋಜಿಗವಲ್ಲ. 2010ರಲ್ಲಿ ವಿಕರಿ ಮತ್ತು ಫ್ರೇಲಿ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದಲ್ಲಿ ಮಾಡಿದ ಅಧ್ಯಯನವೂ ಇದರ ಹತ್ತಿರ ಬರುತ್ತದೆ: ನಿಜವಾಗಿ ನಡೆದ ಕೊಲೆಗಳ ಕುರಿತ ಪುಸ್ತಕಗಳತ್ತ ಗಂಡಸರಿಗಿಂತ ಹೆಂಗಸರೇ ಹೆಚ್ಚು ಒಲಿಯುತ್ತಾರೆ, ಅದರಲ್ಲೂ ಸಿಕ್ಕಿಬಿದ್ದವಳು ಯಾವ ಉಪಾಯದಿಂದ ತಪ್ಪಿಸಿಕೊಂಡಳು ಎಂಬುದು ಇರುವ ಪುಸ್ತಕಗಳತ್ತ. ಅಂಜಿಕೆ ಇರುವ ಕಡೆ ಎಚ್ಚರ ಕಲಿಯಬೇಕೆನ್ನುವ ಆಸೆ ಇರುತ್ತದೆ.

ಇಷ್ಟು ಬರೆದ ಮೇಲೆ ಇನ್ನೊಂದು ದಿನವನ್ನು ನೆನೆಯದಿರಲಾರೆ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆಯ ಬಾಗಿಲಲ್ಲೇ ಗುಂಡಿಕ್ಕಿ ಕೊಂದರು. ಶಾಸನದ ಅಳಿಸಿಹೋದ ಅಕ್ಷರವೊಂದಕ್ಕಾಗಿ ವರ್ಷಗಟ್ಟಲೆ ಜಾಡು ಹಿಡಿದು ಹೋಗುತ್ತಿದ್ದ ವಿದ್ವಾಂಸರು. ಆಮೇಲೆ ಕೆಲವು ತಿಂಗಳು ನನ್ನ ಕೈಯಲ್ಲಿ ಯಾವ ಕೊಲೆಯ ಪುಸ್ತಕವೂ ನಿಲ್ಲಲಿಲ್ಲ. ಪುಸ್ತಕದಲ್ಲಿ ಹೆಣ ಎಂದರೆ ಒಂದು ಒಗಟಿನ ಮೊದಲ ಸಾಲು. ಊರಿನಲ್ಲಿ ಹೆಣ ಎಂದರೆ ನಮ್ಮ ಗುರುತಿನ ಮನುಷ್ಯ. ಎರಡನ್ನೂ ಕಲಸಬಾರದು ಎಂದು ಆಗ ಬಲವಾಗಿ ಅನಿಸಿತು. ಆದರೆ ಮತ್ತೆ ಓದಲು ಹಿಡಿದಾಗ ನಾನು ಹುಡುಕಿಕೊಂಡು ಹೋದದ್ದು ಅದೇ ಕಪಾಟಿಗೆ. ಕೇಳಿದ ಪ್ರಶ್ನೆಗೆ ಉತ್ತರ ಸಿಗುವ ಜಾಗವೊಂದು ಬೇಕಾಗಿತ್ತು.

ಕನ್ನಡದಲ್ಲಿ ಈ ಕಪಾಟು ತುಂಬಿಸಿದವರಿಗೆ ನಾವು ಸಲ್ಲಿಸಬೇಕಾದ ಗೌರವ ಸಲ್ಲಿಸಿಲ್ಲ. ಎನ್. ನರಸಿಂಹಯ್ಯನವರು ನೂರಾರು ಪತ್ತೇದಾರಿ ಕಾದಂಬರಿ ಬರೆದರು. ಅವರ ಪತ್ತೇದಾರ ಪುರುಷೋತ್ತಮನ ಹೆಸರು ಹೇಳಿದರೆ ನನ್ನ ವಯಸ್ಸಿನವರ ಮುಖ ಇಂದಿಗೂ ಅರಳುತ್ತದೆ. ಅಕ್ಷರ ಕೂಡಿಸಿ ಓದಲು ಆಗಷ್ಟೇ ಕಲಿತವರು, ಗಿರಣಿಯ ಪಾಳಿ ಮುಗಿಸಿ ಬಂದವರು, ಬಸ್ ಸ್ಟ್ಯಾಂಡಿನಲ್ಲಿ ಕಾಯುವವರು ಇಡೀ ಪುಸ್ತಕ ಓದಿ ಮುಗಿಸುವ ಅಭ್ಯಾಸ ಪಡೆದದ್ದು ಅವರಿಂದ. ನನ್ನ ಎಷ್ಟೋ ವಿದ್ಯಾರ್ಥಿಗಳು ಬೇಂದ್ರೆಯವರ ಹತ್ತಿರ ಬಂದದ್ದು ಆ ದಾರಿ ಹಿಡಿದೇ. ಇನ್ನು ತೇಜಸ್ವಿಯವರ ‘ಚಿದಂಬರ ರಹಸ್ಯ’ ನೋಡಿ. ಒಂದು ಸಾವಿನ ತನಿಖೆಯಿಂದ ಹೊರಟು ಇಡೀ ಊರಿನ ಒಡಲನ್ನೇ ಬಗೆದು ತೋರಿಸುವ ಆ ಕಾದಂಬರಿಗೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ‘ಗಂಭೀರ ಸಾಹಿತ್ಯ’ ಒಂದು ಕಡೆ, ಪತ್ತೇದಾರಿ ಇನ್ನೊಂದು ಕಡೆ ಎಂದು ಗೋಡೆ ಕಟ್ಟುವವರು ಆ ಪುಸ್ತಕವನ್ನು ಎಲ್ಲಿಡುತ್ತಾರೆ?

ನನಗೆ ಹಿಡಿಸದ ಪುಸ್ತಕಗಳೂ ಇವೆ, ಅದನ್ನೂ ಹೇಳಬೇಕು. ಹೆಣ್ಣಿನ ಹೆಣವನ್ನು ಚಪ್ಪರಿಸಿ ವರ್ಣಿಸಿ, ಅವಳು ಯಾರು, ಏನು ಕನಸಿತ್ತು ಎಂಬುದನ್ನು ಅರ್ಧ ಪುಟವೂ ಹೇಳದ ಪುಸ್ತಕಗಳು. ಓದುಗರಿಗೆ ಒಂದೂ ಸುಳಿವು ಕೊಡದೆ ಕೊನೆಯಲ್ಲಿ ಹೊಸಬನೊಬ್ಬನನ್ನು ತಂದು ‘ಇವನೇ’ ಎನ್ನುವ ಪುಸ್ತಕಗಳೂ ಮೋಸವೇ. 1929ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ-ಲೇಖಕ ಪತ್ತೇದಾರಿ ಕಥೆಗೆ ಹತ್ತು ನಿಯಮ ಬರೆದಾಗ ಮೊದಲನೆಯದೇ ಇದು: ಅಪರಾಧಿ ಕಥೆಯ ಆರಂಭದಲ್ಲೇ ಕಾಣಿಸಿಕೊಂಡಿರಬೇಕು. ಓದುಗರನ್ನು ಸರೀಕರೆಂದು ತಿಳಿದವರು ಮಾತ್ರ ಈ ಮಾತು ಪಾಲಿಸುತ್ತಾರೆ.

ಇನ್ನು ಮನಸ್ಸು ಕೆಡುವ ಮಾತು. ನಿಮ್ಮ ಮನೆಯವರ ಕಾಳಜಿ ಸುಳ್ಳಲ್ಲ. ರಾತ್ರಿ ಓದಿದ ಮೇಲೆ ಎದೆ ಹೊಡೆದುಕೊಳ್ಳುವುದು, ಬಾಗಿಲು ಹಾಕಿದೆಯೋ ಇಲ್ಲವೋ ಎಂದು ಮತ್ತೆ ಮತ್ತೆ ಎದ್ದು ನೋಡುವುದು, ಕೆಟ್ಟ ಕನಸು ಬೀಳುವುದು ಇದ್ದರೆ ಓದನ್ನು ಸಂಜೆಗೆ ಬದಲಿಸಿ ಎನ್ನಿ. ನೀವು ಬರೆದದ್ದು ಅದಕ್ಕೆ ತಿರುವುಮುರುವು: ಓದಿದರೆ ನಿದ್ದೆ ಬರುತ್ತದೆ. ಲೆಕ್ಕ ಮುಟ್ಟಿದ ಮೇಲೆ ಬರುವ ನಿದ್ದೆ ಅದು. ತಲೆದಿಂಬಿನ ಹತ್ತಿರ ಒಳ್ಳೆಯ ಬೆಳಕಿನ ದೀಪ ಇದೆಯೇ ನೋಡಿ. ಹಳೆಯ ಪಾಕೆಟ್ ಪುಸ್ತಕಗಳ ಅಕ್ಷರ ಬಹಳ ಸಣ್ಣದು, ಕನ್ನಡಕದ ನಂಬರು ಒಮ್ಮೆ ತೋರಿಸಿ. ಒಂದು ದಿನ ಹತ್ತಿರ ಕೂತು, ‘ಅವ್ವಾ, ನಿನಗ ಮೊದಲು ಸಂಶಯ ಬಂದದ್ದು ಯಾವ ಪುಟದಾಗ?’ ಎಂದು ಕೇಳಿ ನೋಡಿ. ಪುಟದ ಗುರುತು ಸಮೇತ ಹೇಳುತ್ತಾರೆ ಎಂದು ನನ್ನ ನಂಬಿಕೆ. ಅಲ್ಲಿಂದ ಮಾತು ಪುಸ್ತಕ ಬಿಟ್ಟು ಬೇರೆ ಕಡೆ, ಹಳೆಯ ಯಾವುದೋ ಬಾವಿಯ ಕಡೆ ಹೋದರೆ, ತಡೆಯದೆ ಕೇಳಿಸಿಕೊಳ್ಳಿ.

ಅವರು ನಾಲ್ಕೈದು ಸಲ ಓದಿದ ಪುಸ್ತಕ ಯಾವುದೆಂದು ನೀವು ಬರೆದಿಲ್ಲ. ಹೆಸರು ತಿಳಿಸಿ. ಆ ಪ್ರತಿ ಹಾಳೆ ಬಿಟ್ಟಿದ್ದರೆ, ಕೊನೆಯ ಪುಟ ಗಟ್ಟಿ ಇರುವ ಇನ್ನೊಂದು ಪ್ರತಿಗಾಗಿ ನನ್ನ ಕಪಾಟಿನಲ್ಲಿ ಹುಡುಕುತ್ತೇನೆ.